ಸ್ಲೀವ್ ಸರ್ಜರಿ ಆದ ಮೇಲೆ: ಹಸಿವು ಹೋಯ್ತು, ಊಟದ ಆಸೆ ಹೋಗಲಿಲ್ಲ

ತೂಕ ಇಳಿಸಲು ಜಠರವನ್ನು ಚಿಕ್ಕದು ಮಾಡುವ ಸ್ಲೀವ್ ಸರ್ಜರಿ ಮಾಡಿಸಿಕೊಂಡೆ. ಆದ ಮೇಲೆ ಹೊಟ್ಟೆಗಿಂತ ಜಾಸ್ತಿ ನೋವಿದ್ದದ್ದು ಭುಜದಲ್ಲಿ. ಸಣ್ಣ ತೂತುಗಳ ಮೂಲಕ ಆಪರೇಷನ್ ಮಾಡುವಾಗ ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಅದರ ಕಿರಿಕಿರಿ ಭುಜದಲ್ಲಿ ಕಾಣಿಸಿಕೊಳ್ಳುತ್ತದಂತೆ. ಅದಕ್ಕೆ ಓಡಾಡಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರುವುದಕ್ಕೂ ನಡೆಯಲೇಬೇಕು. ನರ್ಸ್ ಅದೇ ದಿನ ಎಬ್ಬಿಸಿದರು. ಮನಸ್ಸಲ್ಲೇ ಬೈದುಕೊಂಡು ನಡೆದೆ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದುಬಿಡುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಆ ಭಾಗದಲ್ಲೇ. ಹಾಗಾಗಿ ಹಸಿವು ಗೊತ್ತೇ ಆಗುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ಒಗ್ಗರಣೆ ವಾಸನೆಗೆ ಅಳು ಬರುತ್ತಿತ್ತು. ಹಸಿವಿಲ್ಲದೆ ಊಟಕ್ಕಾಗಿ ಅಳುವುದು ಎಂಥ ವಿಚಿತ್ರ, ಅಲ್ವಾ?

ಮೊದಲ ಎರಡು ವಾರ ಬೇಳೆಕಟ್ಟು, ನೀರು ಮಜ್ಜಿಗೆ, ಸೋಸಿದ ಸೂಪು. ಅದೂ ಗುಟುಕು ಗುಟುಕಾಗಿ. ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಬಿಡಬೇಕು. ತಟ್ಟೆಯ ಕ್ರಮವೇ ತಿರುಗುಮುರುಗು: ಮೊದಲು ಪನೀರೋ ಮೊಟ್ಟೆಯೋ, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ. ದಿನಕ್ಕೆ ಕಮ್ಮಿ ಅಂದರೂ 60 ಗ್ರಾಂ ಪ್ರೋಟೀನ್ ಹೋಗಬೇಕು. ಪುಡಿ ಇಲ್ಲದೆ ನನಗೆ ಅದು ಆಗಲಿಲ್ಲ. ನಾನು ಮಂಡ್ಯ ಕಡೆಯವಳು, ಮುದ್ದೆ ನುಂಗಿ ಬೆಳೆದವಳು. ಈಗ ನುಂಗುವ ಹಾಗೇ ಇಲ್ಲ, ಪ್ರತಿ ತುತ್ತೂ ಅಗಿಯಬೇಕು. ಅಗಿದ ಮುದ್ದೆ ಮುದ್ದೆಯೇ ಅಲ್ಲ, ಬಿಡಿ.

ಮೂರು ತಿಂಗಳಾಗುವಾಗ ಕೂದಲು ಹಿಡಿ ಹಿಡಿಯಾಗಿ ಉದುರಿತು. ತೂಕ ಬೇಗ ಇಳಿದಾಗ ಹೀಗಾಗುವುದುಂಟು, ಪೋಷಣೆ ಸರಿಯಿದ್ದರೆ ತಿರುಗಿ ಬರುತ್ತದೆ. ನನಗೂ ಬಂತು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರ ಬಿಡುವ ಹಾಗಿಲ್ಲ. ರಕ್ತಪರೀಕ್ಷೆಯೂ ಅಷ್ಟೇ, ಜೀವನಪೂರ್ತಿ.

ಇಷ್ಟೆಲ್ಲ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಮದುವೆ ಮನೆಗೆ ಹೋದರೆ ಏನು ಮಾಡಬೇಕು ಅಂತ ಬರೆದಿರಲಿಲ್ಲ. ನಮ್ಮಲ್ಲಿ ಪ್ರೀತಿ ತೋರಿಸುವುದೇ ಬಡಿಸಿ. ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಪಾಯಸ ಬೀಳುತ್ತಿತ್ತು. “ಯಾಕೆ ಹಿಂಗೆ ಸೊರಗಿದೀಯ, ಶುಗರ್ರಾ?” ಎಂದು ಕೇಳದವರಿಲ್ಲ. ಸರ್ಜರಿ ಅಂದರೆ “ಸುಮ್ನೆ ವಾಕಿಂಗ್ ಮಾಡಿದ್ರೆ ಆಗ್ತಿರ್ಲಿಲ್ವಾ?” ಎನ್ನುತ್ತಾರೆ. ವರ್ಷಗಟ್ಟಲೆ ನಡೆದವಳಿಗೆ ಈ ಮಾತು! ಕೊನೆಗೆ ಚಿಕ್ಕಮ್ಮನಿಗೆ ಎಲ್ಲ ಹೇಳಿದೆ. ಈಗ ಪಂಕ್ತಿಯಲ್ಲಿ ಅವರೇ ಪಕ್ಕ ಕೂತು, ಬಡಿಸುವವರನ್ನು ಮುಂದೆ ಕಳಿಸುತ್ತಾರೆ.

ಇನ್ನೊಂದು ಕಷ್ಟ ಒಳಗಿನದು. ಮೊದಲು ಆಫೀಸಿನ ಸಿಟ್ಟನ್ನೆಲ್ಲ ಕೋಡುಬಳೆ ಜೊತೆ ಕಡಿದು ಮುಗಿಸುತ್ತಿದ್ದೆ. ಆ ದಾರಿ ಮುಚ್ಚಿದ ಮೇಲೆ ಸಿಟ್ಟು ಮನೆಯವರ ಮೇಲೆ ಹೋಯ್ತು. ಕೌನ್ಸೆಲರ್ ಹತ್ತಿರ ಹೋದೆ. ಸರ್ಜರಿಗೆ ಮುಂಚೆಯೇ ಶುರು ಮಾಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕನ್ನಡಿ ಕೂಡ ಬೇಗ ಒಪ್ಪಲಿಲ್ಲ. ಎಷ್ಟೋ ದಿನ ಹಳೇ ಅಳತೆಯ ಚೂಡಿದಾರವನ್ನೇ ಕೊಳ್ಳುತ್ತಿದ್ದೆ. ತೋಳಿನ ಚರ್ಮ ಜೋತುಬಿದ್ದಿದೆ, ಅದು ವ್ಯಾಯಾಮಕ್ಕೆ ಪೂರ್ತಿ ಹೋಗುವುದಿಲ್ಲ.

ಎರಡನೇ ವರ್ಷ ತೂಕ ಸ್ವಲ್ಪ ಮೇಲೇರಿತು. ಐಸ್‌ಕ್ರೀಮು, ಜ್ಯೂಸು ಎಷ್ಟು ಚಿಕ್ಕ ಹೊಟ್ಟೆಯಲ್ಲೂ ಸಲೀಸಾಗಿ ಇಳಿಯುತ್ತವೆ. ಡಯಟಿಷಿಯನ್ ಹತ್ತಿರ ಮತ್ತೆ ಹೋಗುತ್ತಿದ್ದೇನೆ.