ಕೆಂಪು ಒಬಿ ಕಪ್ಪಾದ ಮೇಲೆ ಗೊತ್ತಾಗಿದ್ದು: ಆಲ್ಬುಮಿನ್ ಪ್ರಿಂಟ್‌ಗೆ ಯೋಕೊಹಾಮಾ ಬಣ್ಣ

ಆಲ್ಬುಮಿನ್ ಪ್ರಿಂಟ್ (ಮೊಟ್ಟೆಯ ಬಿಳಿ ಲೇಪಿಸಿದ ಕಾಗದದ ಮೇಲೆ ಮೂಡಿಸುವ ಫೋಟೋ) ಮೇಲೆ ನೀರಿನ ಬಣ್ಣ ನಿಲ್ಲುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಬೆಂಗಳೂರಿನ ಗೆಳೆಯರು ಹೇಳಿದರು, ಇಲ್ಲಿ ಜಪಾನಿನ ಯೋಕೊಹಾಮಾದಲ್ಲಿ ಡಾರ್ಕ್‌ರೂಮ್ ಹಂಚಿಕೊಳ್ಳುವವರೂ ಹೇಳಿದರು. ಆಯಿಲ್ ಬಣ್ಣ ತಗೋ, ಹತ್ತಿಯಲ್ಲಿ ಒರೆಸು, ಅಷ್ಟೇ ಅಂದರು. ಆದರೆ 1860ರಿಂದ 1890ರ ದಶಕದವರೆಗೆ ಇದೇ ಊರಿನ ಸ್ಟುಡಿಯೋಗಳು ನೀರಿನ ಬಣ್ಣದಲ್ಲೇ ಲಕ್ಷಗಟ್ಟಲೆ ಪ್ರಿಂಟ್ ತೆಗೆದಿವೆ. ಅವರಿಗೆ ಆಗಿದ್ದು ನನಗೆ ಯಾಕೆ ಆಗಬಾರದು? ಎರಡು ವರ್ಷ ಹಿಡಿಯಿತು. ಈಗ ಆಗುತ್ತಿದೆ.

ಶುರುವಾಗಿದ್ದು ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕ ಒಂದು ಪ್ರಿಂಟ್‌ನಿಂದ. ಸುಮಾರು 4,000 ಯೆನ್ ಕೊಟ್ಟೆ. ಕೊಡೆ ಹಿಡಿದು ನಿಂತ ಹುಡುಗಿ, ಕೆಳಗೆ ಬಿಳಿ ಅಕ್ಷರದಲ್ಲಿ ನಂಬರ್ ಮತ್ತು ಇಂಗ್ಲಿಷ್ ಶೀರ್ಷಿಕೆ. ಆ ಕಾಲದ ಯೋಕೊಹಾಮಾ ಫೋಟೋಗ್ರಾಫರ್ ಕುಸಾಕಾಬೆ ಕಿಂಬೇಯ ಪ್ರಿಂಟ್‌ಗಳಲ್ಲಿ ಇರುವ ಹಾಗೆಯೇ. ಅವನದ್ದೇ ಅಂತ ಆಣೆ ಮಾಡಲಾರೆ. ಭೂತಗನ್ನಡಿ ಹಿಡಿದು ಒಂದು ತಿಂಗಳು ನೋಡಿದೆ. ಬಣ್ಣ ತುಂಬಾ ತೆಳು. ತೋಳಿನ ಮಡಿಕೆಯ ನೆರಳು ಬಣ್ಣದ ಕೆಳಗೆ ಪೂರ್ತಿ ಕಾಣುತ್ತದೆ. ನಮ್ಮ ಕಡೆ ಹಳೇ ಸ್ಟುಡಿಯೋಗಳಲ್ಲಿ ದಪ್ಪ ಬಣ್ಣ ಮೆತ್ತಿ ಫೋಟೋವನ್ನೇ ಮುಚ್ಚಿಬಿಡುತ್ತಿದ್ದರಲ್ಲ, ಅದೇ ಬೇರೆ, ಇದೇ ಬೇರೆ.

ಪೇಪರ್ ವಿಷಯ ಬೇಗ ಮುಗಿಸುತ್ತೇನೆ. 30 ಮೊಟ್ಟೆ ಒಡೆದರೆ ಲೀಟರಿಗೆ ಸ್ವಲ್ಪ ಕಡಿಮೆ ಬಿಳಿ ಬರುತ್ತದೆ. ನೊರೆ ಕಡೆದು, ಇಳಿಸಿ, ಸೋಸಿ, ಫ್ರಿಜ್‌ನಲ್ಲಿ ಹತ್ತು ದಿನ. ಆಮೇಲೆ ಕಾಗದಕ್ಕೆ ಅದರ ಎರಡು ಕೋಟ್. ಮೊದಲನೇ ಕೋಟ್ ಗಟ್ಟಿ ಮಾಡದೆ ಎರಡನೆಯದಕ್ಕೆ ಹೋಗಿ 22 ಹಾಳೆ ಹಾಳು ಮಾಡಿಕೊಂಡೆ. ಕೆಳಗಿನ ಪದರವೇ ಕರಗಿ ಗೆರೆಗೆರೆ ಎದ್ದಿತು. ಈಗ ಉಪ್ಪು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒಣಗಿಸಿದ ಮೇಲೆಯೇ ಎರಡನೇ ಕೋಟ್.

ದುಡ್ಡು ಹೋಗುವುದು ಕಾಗದ ಬೆಳಕು ಹಿಡಿಯುವ ಹಾಗೆ ಮಾಡುವ ಬೆಳ್ಳಿಗೆ ಮತ್ತು ಪ್ರಿಂಟ್ ಛಾಯೆ ತಿದ್ದುವ ಚಿನ್ನಕ್ಕೆ. ಸಿಲ್ವರ್ ನೈಟ್ರೇಟ್ 25 ಗ್ರಾಂಗೆ 8,000 ಯೆನ್ ಹತ್ತಿರ ಕೊಟ್ಟೆ. ಇಲ್ಲಿ ಅದು ಅಪಾಯಕಾರಿ ರಾಸಾಯನಿಕಗಳ ಪಟ್ಟಿಯಲ್ಲಿದೆ. ಹೆಸರು, ವಿಳಾಸ ಬರೆದು ಮುದ್ರೆ ಒತ್ತಿ ತಗೋಬೇಕು. ಒಂದು ಗ್ರಾಂ ಗೋಲ್ಡ್ ಕ್ಲೋರೈಡ್‌ಗೆ 20,000 ಯೆನ್ ಹತ್ತಿರ ಕೊಟ್ಟ ನೆನಪು. ಎಲ್ಲ ಸೇರಿ ಎರಡು ವರ್ಷದಲ್ಲಿ 2 ಲಕ್ಷ ಯೆನ್ ದಾಟಿದೆ, ಅಂದರೆ ಒಂದು ಲಕ್ಷ ರೂಪಾಯಿಗೂ ಜಾಸ್ತಿ. ಅರ್ಧದಷ್ಟು ಕಸದ ಬುಟ್ಟಿಗೆ ಹೋಯಿತು.

ಇನ್ನು ಬಣ್ಣ. ಮೊದಲ ಪ್ರಿಂಟ್ ಮೇಲೆ ಬ್ರಷ್ ಇಟ್ಟಾಗ ಕೆಸುವಿನ ಎಲೆ ಮೇಲೆ ನೀರು ಬಿದ್ದ ಹಾಗೆ ಹನಿಹನಿಯಾಗಿ ಓಡಿತು. ಆಕ್ಸ್‌ಗಾಲ್ (ಬಣ್ಣ ಹರಡಲು ಬೆರೆಸುವ ದನದ ಪಿತ್ತರಸ) ಹಾಕಿದೆ. ಹನಿ ನಿಂತಿತು, ಆದರೆ ಕಿಮೊನೊದ ನೀಲಿ ಗಲ್ಲದವರೆಗೆ ಹರಡಿತು. ಇಲ್ಲಿನ ಚಿತ್ರಕಾರರು ಕಾಗದಕ್ಕೆ ಹಚ್ಚುವ ಪಟಿಕ ಮತ್ತು ಸರೇಸಿನ (ಪ್ರಾಣಿಗಳ ಚರ್ಮದಿಂದ ಮಾಡುವ ಅಂಟು) ನೀರನ್ನು ಹಚ್ಚಿ ನೋಡಿದೆ. ಹೊಳಪೇ ಸತ್ತುಹೋಯಿತು. ಪಟಿಕದ ಹುಳಿ ಬೆಳ್ಳಿಗೂ ಒಳ್ಳೆಯದಲ್ಲ, ಬಿಟ್ಟುಬಿಟ್ಟೆ.

ಕೊನೆಗೆ ಕೆಲಸ ಮಾಡಿದ್ದು ಎಂಜಲು. ಹೌದು, ಎಂಜಲೇ. ಯುರೋಪಿನ ಹಳೇ ಕೈಪಿಡಿಗಳಲ್ಲಿ ಬಣ್ಣ ಹಚ್ಚುವ ಮೊದಲು ಪ್ರಿಂಟ್ ಮೇಲೆ ನಾಲಿಗೆ ಆಡಿಸಿ ಅಂತಲೇ ಇದೆ. ನಾನು ನಾಲಿಗೆ ಹಾಕುವುದಿಲ್ಲ. ಹತ್ತಿ ಉಂಡೆ ಒದ್ದೆ ಮಾಡಿ ಒಂದೇ ದಿಕ್ಕಿನಲ್ಲಿ ಸವರಿ ಐದು ನಿಮಿಷ ಬಿಡುತ್ತೇನೆ. ಬಣ್ಣ ಹಿಡಿಯುತ್ತದೆ. ಆದರೆ ಬ್ರಷ್ ಬಾಯಿಗೆ ಇಡಬೇಡಿ. ಹಳದಿಗೆ ಗ್ಯಾಂಬೋಜ್ ಬಳಸುತ್ತೀರಾದರೆ ಅದು ವಿಷ.

ಇಷ್ಟಾದರೂ ನನ್ನ ಪ್ರಿಂಟ್‌ಗಳು ಕೆಸರಿನ ಬಣ್ಣವೇ. ಇದಕ್ಕೇ ಒಂದು ವರ್ಷ ಹೋಯಿತು. ಕಾಲಕ್ಕೆ ತಕ್ಕ ಹಾಗೆ ಇರಲಿ ಅಂತ ನಾನು ಡಿಜಿಟಲ್ ಫೋಟೋದ ನೀಲಿ ಚಾನೆಲ್ (ನೀಲಿ ಬೆಳಕಿನ ಭಾಗ) ಮಾತ್ರ ತಗೊಂಡು ನೆಗೆಟಿವ್ ಮಾಡುತ್ತಿದ್ದೆ. ಆ ಕಾಲದ ಗಾಜಿನ ನೆಗೆಟಿವ್ ಮೇಲಿನ ಕೊಲೋಡಿಯನ್ ಲೇಪ ನೀಲಿಯನ್ನಷ್ಟೇ ಚೆನ್ನಾಗಿ ನೋಡುತ್ತದೆ, ಕೆಂಪು ಅದಕ್ಕೆ ಕಾಣುವುದಿಲ್ಲ. ನಮ್ಮ ಕೆಳಗಿನ ಮನೆಯ ಅಜ್ಜಿ ಕೆಂಪು ಒಬಿ (ಕಿಮೊನೊ ಮೇಲೆ ಕಟ್ಟುವ ಸೊಂಟದ ಪಟ್ಟಿ) ಕಟ್ಟಿ ಕೂತಿದ್ದರು. ಪ್ರಿಂಟ್‌ನಲ್ಲಿ ಅದು ಪೂರ್ತಿ ಕಪ್ಪು. ಕಪ್ಪಿನ ಮೇಲೆ ಎಷ್ಟು ಕೆಂಪು ಬಳಿದರೂ ಕಪ್ಪೇ ಅಲ್ವಾ?

ಆಗ ತಲೆಗೆ ಹೊಳೆಯಿತು. ಹಳೇ ಪ್ರಿಂಟ್‌ನಲ್ಲಿ ಕೆಂಪು ಅಷ್ಟು ಹೊಳೆಯುತ್ತಿದೆ ಅಂದರೆ ಅಲ್ಲಿದ್ದ ಬಟ್ಟೆ ಕೆಂಪೇ ಅಲ್ಲ! ತಿಳಿ ನೀಲಿಯೋ ಬಿಳಿಯೋ ಇರಬೇಕು, ಕೆಂಪು ಬಂದದ್ದು ಬ್ರಷ್‌ನಿಂದ. ಅಂದರೆ ಯಾವ ಬಣ್ಣ ಎಲ್ಲಿ ಅನ್ನುವುದು ಕ್ಯಾಮೆರಾ ತೆರೆಯುವ ಮೊದಲೇ ತೀರ್ಮಾನ ಆಗಿರಬೇಕು ಅನ್ನುವುದು ನನ್ನ ಲೆಕ್ಕ. ಕಿಂಬೇಯನ್ನೇ ನೋಡಿ. ಮೊದಲು ಇಲ್ಲಿನ ಫೋಟೋಗ್ರಾಫರ್ ಫೆಲಿಚೆ ಬೆಯಾಟೊ ಹತ್ತಿರ ಬಣ್ಣ ಹಚ್ಚುತ್ತಿದ್ದ, 1881ರ ಸುಮಾರಿಗೆ ಸ್ವಂತ ಸ್ಟುಡಿಯೋ ತೆರೆದ. ಬಣ್ಣ ಹಚ್ಚಿದ ಕೈಯೇ ಆಮೇಲೆ ಫೋಟೋ ತೆಗೆಯಿತು.

ಅಜ್ಜಿಯನ್ನು ಕೇಳಿಕೊಂಡೆ. ತಿಳಿ ಬೂದು ಬಣ್ಣದ ಕಿಮೊನೊ, ಬಿಳಿ ಒಬಿ ಹಾಕಿಕೊಂಡು ಮತ್ತೆ ಕೂತರು. ಕೂದಲು, ಕಣ್ಣು, ಕೊಡೆಯ ಕಡ್ಡಿ ಎಲ್ಲ ಗಾಢವಾಗಿಯೇ ಬಿಟ್ಟು, ಬಟ್ಟೆಯ ಭಾಗ ಮಾತ್ರ ತಿಳಿಯಾಗಿ ಬರುವ ಹಾಗೆ ನೆಗೆಟಿವ್ ಮಾಡಿದೆ. ಬಣ್ಣ ಹಚ್ಚದೆ ನೋಡಿದರೆ ಆ ಪ್ರಿಂಟ್ ಸಪ್ಪೆ. ಡಾರ್ಕ್‌ರೂಮ್‌ನಲ್ಲಿ ಒಬ್ಬರು ಎಕ್ಸ್‌ಪೋಷರ್ ಕಡಿಮೆ ಆಗಿದೆ ಅಂದರು. ಎರಡು ಗಂಟೆ ಆದ ಮೇಲೆ ಅವರೇ ಬಂದು, ಯಾವ ಬಣ್ಣ ಬಳಸಿದೆ ಅಂತ ಕೇಳಿದರು.

ಬಣ್ಣ ಬಳಸಿದ್ದು ಮಾಮೂಲಿನದೇ: ಕಾರ್ಮೈನ್ ಕೆಂಪು, ಪ್ರಷ್ಯನ್ ನೀಲಿ, ಗ್ಯಾಂಬೋಜ್, ಹೊಳಪಿಗೆ ಚಿಪ್ಪಿನ ಬಿಳಿ. ಚಿಪ್ಪಿನ ಬಿಳಿ ಒಂದೆರಡು ಚುಕ್ಕೆ ಮಾತ್ರ, ಕೂದಲಿನ ಪಿನ್‌ಗೆ. ಬಣ್ಣಕ್ಕೆ ಬೆರೆಸುವ ಸರೇಸನ್ನು ರಾತ್ರಿ ನೆನೆಸಿಟ್ಟು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಬೇಕು. ಕುದಿಸಿದರೆ ಅಂಟು ಹೋಗುತ್ತದೆ. ಒಂದೊಂದು ಭಾಗಕ್ಕೂ ನಾಲ್ಕೈದು ತೆಳು ಪದರ, ಮಧ್ಯೆ ಪೂರ್ತಿ ಒಣಗಬೇಕು. ಸರೇಸು ಎಷ್ಟು, ಕೊನೇ ಪದರದ ನೀರಿಗೆ ಏನು ಬೆರೆಸುತ್ತೇನೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ನಾನು ಕೊಟ್ಟ ಬೆಲೆ ನಲವತ್ತು ಪ್ರಿಂಟ್.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಇಲ್ಲಿ ಗೌಜಲಕ್ಕಿ ಮೊಟ್ಟೆ ಅಂಗಡಿಯಲ್ಲೇ ಸಿಗುತ್ತದೆ. 60 ಒಡೆದೆ. ಬೆರಳು ನೋವು ಬಂತು, ಪ್ರಿಂಟ್‌ನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಉಳಿದ ಹಳದಿಯಲ್ಲಿ ಹೆಂಡತಿ ಮೊದಲ ವಾರ ಕ್ಯಾಸ್ಟೆಲಾ ಕೇಕ್ ಮಾಡಿದಳು. ಆಮೇಲೆ ದಿನಾ ಮೊಟ್ಟೆ ಪಲ್ಯ. ಜರ್ಮನಿಯ ಡ್ರೆಸ್ಡನ್‌ನ ಆಲ್ಬುಮಿನ್ ಪೇಪರ್ ಕಾರ್ಖಾನೆ ಆ ಕಾಲದಲ್ಲಿ ದಿನಕ್ಕೆ 60,000 ಮೊಟ್ಟೆ ಒಡೆಯುತ್ತಿತ್ತಂತೆ. ಅಷ್ಟು ಹಳದಿಯನ್ನು ಏನು ಮಾಡುತ್ತಿದ್ದರೋ! ಇಂಕ್‌ಜೆಟ್ ಪ್ರಿಂಟ್‌ಗೂ ಇದೇ ಬಣ್ಣ ಹಚ್ಚಿ ನೋಡಿದೆ, ಜೀವ ಇಲ್ಲ. ಹೈಪೊ (ಫೋಟೋ ಅಳಿಯದಂತೆ ನಿಲ್ಲಿಸುವ ರಾಸಾಯನಿಕ) ಬೇಗ ಹೋಗಲಿ ಅಂತ ಒಮ್ಮೆ ತೊಳೆಯುವ ನೀರಿಗೆ ಸೋಡಾ ಹಾಕಿದೆ. ಎರಡು ವಾರದಲ್ಲಿ ನೀಲಿ ಆಕಾಶ ಕಂದು ಬಣ್ಣಕ್ಕೆ ತಿರುಗಿತು. ಪ್ರಷ್ಯನ್ ನೀಲಿಗೆ ಕ್ಷಾರ ಆಗಿಬರುವುದಿಲ್ಲ. ಗೊತ್ತಿದ್ದೂ ಮಾಡಿದ ತಪ್ಪು ಅದು.

ಆ ಕಾಲದಲ್ಲಿ ಯೋಕೊಹಾಮಾದಲ್ಲಿದ್ದ ಇಟಾಲಿಯನ್ ಫೋಟೋಗ್ರಾಫರ್ ಅಡಾಲ್ಫೊ ಫಾರ್ಸಾರಿಯ ಸ್ಟುಡಿಯೋದಲ್ಲಿ ಒಬ್ಬೊಬ್ಬ ಬಣ್ಣಗಾರ ದಿನಕ್ಕೆ ಎರಡೋ ಮೂರೋ ಪ್ರಿಂಟ್ ಮುಗಿಸುತ್ತಿದ್ದನಂತೆ. ನನ್ನ ಮೊದಲನೆಯದಕ್ಕೆ ಮೂರು ದಿನ ಬೇಕಾಯಿತು. ಈಗ ಭಾನುವಾರ ಬೆಳಿಗ್ಗೆ ಕೂತರೆ ಸಂಜೆಗೆ ಎರಡು ಮುಗಿಯುತ್ತವೆ, ಅಂಚು ದಾಟದೆ. ಇಲ್ಲಿನ ಇನ್ನೊಬ್ಬ ಫೋಟೋಗ್ರಾಫರ್ ತಮಾಮುರಾ ಕೊಜಾಬುರೊಗೆ 1896ರಲ್ಲಿ ಬಾಸ್ಟನ್ ಪ್ರಕಾಶಕರೊಬ್ಬರು ಹತ್ತು ಲಕ್ಷಕ್ಕೂ ಜಾಸ್ತಿ ಪ್ರಿಂಟ್‌ಗೆ ಆರ್ಡರ್ ಕೊಟ್ಟಿದ್ದರು. ಬ್ರಷ್ ಹಿಡಿದ ಮೇಲೆ ಆ ಲೆಕ್ಕ ಕೇಳಿದರೆ ಮೈ ಜುಮ್ ಅನ್ನುತ್ತದೆ.

ಮೊನ್ನೆ ಅಜ್ಜಿಗೆ ಅವರ ಪ್ರಿಂಟ್ ಕೊಟ್ಟೆ. ತುಂಬಾ ಹೊತ್ತು ನೋಡಿದರು. ಒಬಿಯ ಕೆಂಪು ಇನ್ನೂ ಸ್ವಲ್ಪ ಹಣ್ಣಾದ ಕಾಕಿ (ಪರ್ಸಿಮನ್) ಹಣ್ಣಿನ ಕಿತ್ತಳೆಗೆಂಪು ಬಣ್ಣಕ್ಕೆ ಹತ್ತಿರ ಇರಬೇಕಿತ್ತು ಅಂದರು. ನೋಡಿದರೆ ಸರಿಯೇ. ಕಾರ್ಮೈನ್‌ಗೆ ಚೂರು ಗ್ಯಾಂಬೋಜ್ ಸೇರಿಸಿ ಇನ್ನೊಂದು ಮಾಡುತ್ತಿದ್ದೇನೆ. ಮಡಿಚುವ ಆಲ್ಬಮ್‌ಗೆ 50 ಬೇಕು, 11 ಆಗಿವೆ. ಜೂನ್‌ನ ಮಳೆ ಹಿಡಿದರೆ ಸರೇಸು ಎರಡೇ ದಿನಕ್ಕೆ ನಾರುತ್ತದೆ. ಅಷ್ಟರೊಳಗೆ ಇನ್ನು ಹತ್ತಾದರೂ ಮುಗಿಸಬೇಕು.