ಎರವಲು ತಂದ ಹಕ್ಕಿ ಪೆಟ್ಟಿಗೆ: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಹಕ್ಕಿ, ಕಾಡುಪ್ರಾಣಿಗಳ ಪಾಠಕ್ಕೆ ಮುಟ್ಟಿ ನೋಡುವ ಸಾಮಾನಿನ ಪೆಟ್ಟಿಗೆ ಬೇಕು ಅನ್ನುವ ಶಿಕ್ಷಕರು ಅದನ್ನು ಕೊಳ್ಳಬೇಡಿ, ಎರವಲು ತನ್ನಿ. ದುಡ್ಡು ಉಳಿಸುವ ಮಾತಲ್ಲ ಇದು. ಶಾಲೆ ದುಡ್ಡಲ್ಲಿ ಕೊಂಡ ಸಾಮಾನು ಮೊದಲು ಸ್ಟಾಕ್ ರಿಜಿಸ್ಟರ್ ಸೇರುತ್ತದೆ, ಆಮೇಲೆ ಬೀರು ಸೇರುತ್ತದೆ. ಮಕ್ಕಳು ಮುರಿದರೆ ಯಾರು ಉತ್ತರ ಕೊಡಬೇಕು ಅನ್ನುವ ಹೆದರಿಕೆಯಲ್ಲಿ ಅದು ಅಲ್ಲೇ ಧೂಳು ತಿನ್ನುತ್ತದೆ. ಎರವಲು ತಂದದ್ದು ಹಾಗಲ್ಲ. ವಾಪಸ್ ಕೊಡುವ ದಿನ ತಲೆಯ ಮೇಲೆ ಕೂತಿರುತ್ತದೆ, ಹಾಗಾಗಿ ಇವತ್ತೇ ತೆಗೆಯಲೇಬೇಕು.

ನಾನು ಕೊಪ್ಪಳ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಊರು ತುಂಗಭದ್ರಾ ಹಿನ್ನೀರಿನ ದಂಡೆಗೆ ಹತ್ತಿರ. ಮೀನು ಹಿಡಿಯುವವರ ಮಕ್ಕಳು, ಕುರಿ ಕಾಯುವವರ ಮಕ್ಕಳು, ಹೊಲದವರ ಮಕ್ಕಳು ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಇವರಿಗೆ ಹಕ್ಕಿ ಗೊತ್ತಿಲ್ಲ ಅಂತಲ್ಲ. ಗೊತ್ತಿರುವುದು ಪರೀಕ್ಷೆಗೆ ಬರುವುದಿಲ್ಲ ಅಂತ ಅವರೇ ತೀರ್ಮಾನ ಮಾಡಿಕೊಂಡಿರುತ್ತಾರೆ, ಅದಕ್ಕೇ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ.

ನನಗೆ ಪೆಟ್ಟಿಗೆ ಸಿಕ್ಕಿದ್ದು ಹೊಸಪೇಟೆ ಕಡೆಯ ಹಕ್ಕಿ ನೋಡುವ ಗೆಳೆಯರ ಬಳಗದಿಂದ. ಕೇಳುವ ಕ್ರಮ ಸರಳ. ಮುಖ್ಯ ಶಿಕ್ಷಕರ ಸಹಿ, ಶಾಲೆಯ ಸೀಲು ಇರುವ ಒಂದು ಪತ್ರ, ಯಾವ ತರಗತಿ, ಎಷ್ಟು ಮಕ್ಕಳು, ಯಾವ ದಿನದಿಂದ ಯಾವ ದಿನದವರೆಗೆ, ಅಷ್ಟೇ. ಸಾಮಾನಿನ ಪಟ್ಟಿಯ ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಿದೆವು. ಹೊರಡುವ ಮೊದಲು ಪ್ರತಿ ಸಾಮಾನಿನ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡೆ. ಇದನ್ನು ತಪ್ಪಿಸಬೇಡಿ. ಮೊದಲೇ ಇದ್ದ ಬಿರುಕು ಯಾವುದು, ನಮ್ಮ ಮಕ್ಕಳ ಕೈಯಲ್ಲಿ ಆದದ್ದು ಯಾವುದು ಅನ್ನುವ ಜಗಳ ಆಮೇಲೆ ಬರುವುದಿಲ್ಲ. ತಂದದ್ದು ಬಸ್ಸಿನಲ್ಲಿ. ಪೆಟ್ಟಿಗೆ ತಗಡಿನದು, ಒಳಗೆ ಸ್ಪಂಜು. ಕಂಡಕ್ಟರ್ ಲಗೇಜ್ ಟಿಕೆಟ್ ಹರಿದು ಕೊಟ್ಟು, "ಏನೈತ್ರಿ ಮೇಡಂ ಒಳಗ?" ಅಂದರು. ಕರಡಿ ಹೆಜ್ಜೆ ಅಂದೆ. ಆಮೇಲೆ ಮುನಿರಾಬಾದ್ ದಾಟುವವರೆಗೂ ಹಿಂದಿನ ಸೀಟಿನವರಿಗೆಲ್ಲ ಅದೇ ಮಾತು.

ಯಾವ ತಿಂಗಳಲ್ಲಿ ಕೇಳಬೇಕು ಅನ್ನುವುದು ಮುಖ್ಯ. ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ, ಆಗ ಎಲ್ಲರಿಗೂ ಬೇಕು, ಸಿಗುವುದಿಲ್ಲ. ನಾನು ಕೇಳಿದ್ದು ಜನವರಿ, ಫೆಬ್ರವರಿ ನಡುವೆ. ನಮ್ಮ ಹಿನ್ನೀರಿಗೆ ವಲಸೆ ಹಕ್ಕಿ ಬಂದಿರುವ ಕಾಲ ಅದು. ಕಾರ್ಡಿನಲ್ಲಿ ನೋಡಿದ ಪಟ್ಟೆತಲೆ ಹೆಬ್ಬಾತನ್ನು ಸಂಜೆ ದಂಡೆಯ ಮೇಲೆ ನೋಡಬಹುದು. ಹಿಮಾಲಯ ದಾಟಿ ಬರುವ ಈ ಹಕ್ಕಿ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಇದನ್ನು ಜೂನ್‌ನಲ್ಲಿ ಹೇಳಿದರೆ ಸುಮ್ನೆ ಒಂದು ಸಂಖ್ಯೆ. ಜನವರಿಯಲ್ಲಿ ಹೇಳಿದರೆ ಮಕ್ಕಳು ತಲೆ ಎತ್ತಿ ನೋಡುತ್ತಾರೆ. ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ನಾಲ್ಕು ದಿನದ ಹಕ್ಕಿ ಎಣಿಕೆಯೂ ನಡೆಯುತ್ತದೆ, ಶಾಲೆಯ ಅಂಗಳದಲ್ಲೇ ನಿಂತು ಹದಿನೈದು ನಿಮಿಷ ಎಣಿಸಿದರೂ ಲೆಕ್ಕಕ್ಕೆ ಸೇರುತ್ತದೆ.

ಪೆಟ್ಟಿಗೆಯಲ್ಲಿ ಏನಿತ್ತು ಅಂದರೆ, ಹಕ್ಕಿಗಳ ಲ್ಯಾಮಿನೇಟ್ ಮಾಡಿದ ಕಾರ್ಡು, ಮೊಟ್ಟೆಗಳ ಮಾದರಿ, ಕೊಕ್ಕು ಮತ್ತು ತಲೆಬುರುಡೆಗಳ ಮಾದರಿ, ಪ್ಲಾಸ್ಟರಿನಲ್ಲಿ ಅಚ್ಚು ಹಾಕಿದ ಹೆಜ್ಜೆ ಗುರುತುಗಳು, ರೆಕ್ಕೆಯ ಉದ್ದ ತೋರಿಸುವ ಬಟ್ಟೆ ಪಟ್ಟಿಗಳು, ಹಕ್ಕಿ ಕೂಗು ತುಂಬಿದ ಪೆನ್‌ಡ್ರೈವ್, ಒಂದು ಪುಟ್ಟ ಸ್ಪೀಕರ್, ಭೂತಗನ್ನಡಿಗಳು. ನಿಜವಾದ ಗರಿ ಇದ್ದದ್ದು ಕೋಳಿಯದು ಮಾತ್ರ.

ಅದಕ್ಕೆ ಕಾರಣ ಇದೆ. ಅಮೆರಿಕದಂಥ ದೇಶಗಳಲ್ಲಿ ಮ್ಯೂಸಿಯಂಗಳು, ವನ್ಯಜೀವಿ ಇಲಾಖೆಗಳು ಶಾಲೆಗಳಿಗೆ ಕೊಡುವ ಪೆಟ್ಟಿಗೆಗಳಲ್ಲಿ ನಿಜವಾದ ಬುರುಡೆ, ಚರ್ಮ, ರೆಕ್ಕೆ ಇರುತ್ತವೆ. ಅಲ್ಲೂ ವಲಸೆ ಹಕ್ಕಿಗಳಿಗೆ 1918ರ ಕಾಯ್ದೆ ಇದೆ, ಗರಿ ಇಟ್ಟುಕೊಳ್ಳಲೂ ಪರವಾನಗಿ ಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಈ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. "ಮಕ್ಕಳೇ, ನಾಳೆ ಒಂದೊಂದು ಗೂಡು ಹುಡುಕಿಕೊಂಡು ಬನ್ನಿ" ಅಂತ ಹೇಳುವ ಶಿಕ್ಷಕರು ಈಗಲೂ ಇದ್ದಾರೆ. ದಯವಿಟ್ಟು ಹೇಳಬೇಡಿ. ಬಾವಿ ಮೇಲೆ ಜೋತಾಡುವ ಗೀಜಗನ ಗೂಡು ಕೀಳಲು ಹೋಗಿ ಹುಡುಗರು ಬಾವಿಗೇ ಬಿದ್ದಾರು. ಗಾಳಿಗೆ ಬಿದ್ದ ಹಳೆ ಗೂಡು ಸಿಕ್ಕರೂ ಅರಣ್ಯ ಇಲಾಖೆಯವರನ್ನು ಒಂದು ಮಾತು ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.

ಕೋಳಿ ಗರಿಯನ್ನು ಕೀಳಾಗಿ ನೋಡಬೇಡಿ. ಒಂದು ಇಡೀ ಪೀರಿಯಡ್ ಅದರಲ್ಲೇ ಹೋಯಿತು. ನಾಟಿ ಕೋಳಿಯ ರೆಕ್ಕೆಯ ಗರಿ ತೆಗೆದುಕೊಂಡು ಕೆಳಮುಖವಾಗಿ ಉಜ್ಜಿದರೆ ಎಳೆಗಳು ಬಿಟ್ಟುಕೊಳ್ಳುತ್ತವೆ. ಬೆರಳಲ್ಲಿ ಮೇಲ್ಮುಖವಾಗಿ ನೀವಿದರೆ ಮತ್ತೆ ಕೂಡಿಕೊಳ್ಳುತ್ತವೆ, ಥೇಟ್ ಬ್ಯಾಗಿನ ಜಿಪ್ ಎಳೆದ ಹಾಗೆ. ಎಳೆಗಳ ಅಂಚಿನಲ್ಲಿ ಬರಿಗಣ್ಣಿಗೆ ಕಾಣದ ಕೊಕ್ಕೆಗಳಿವೆ, ಅವೇ ಒಂದಕ್ಕೊಂದು ಸಿಕ್ಕಿಕೊಳ್ಳುವುದು. ಹಕ್ಕಿ ದಿನಾ ಕೊಕ್ಕಿನಿಂದ ಗರಿ ತೀಡಿಕೊಳ್ಳುವುದು ಸಿಂಗಾರಕ್ಕಲ್ಲ, ಈ ಕೊಕ್ಕೆ ಕೂಡಿಸಲಿಕ್ಕೆ ಅಂತ ನಾನು ಹೇಳುವ ಮೊದಲೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿಬಿಟ್ಟಳು: "ನಮ್ಮ ಕೋಳಿ ಮಳ್ಯಾಗ ನೆನದ್ರ ಇದ್ನ ಮಾಡ್ತೈತ್ರಿ." ಆಮೇಲೆ ಗರಿಯ ಮೇಲೆ ಒಂದು ಹನಿ ನೀರು ಬಿಟ್ಟೆವು. ಗುಂಡಗೆ ನಿಂತಿತು, ಓರೆ ಮಾಡಿದರೆ ಜಾರಿತು. ಪಕ್ಕದಲ್ಲಿ ಹೊಟ್ಟೆ ಭಾಗದ ಮೆತ್ತನೆ ತುಪ್ಪಳ ಇಟ್ಟು, ಚಳಿಗೆ ಯಾವುದು, ಹಾರಲಿಕ್ಕೆ ಯಾವುದು ಅಂತ ಕೇಳಿದರೆ ಯಾರೂ ತಪ್ಪು ಹೇಳಲಿಲ್ಲ. ಒಂದು ಎಚ್ಚರಿಕೆ ಮಾತ್ರ. ಗರಿಯನ್ನು ಸೋಪಿನ ನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿರಬೇಕು, ಸತ್ತು ಬಿದ್ದ ಹಕ್ಕಿಯದನ್ನು ಮುಟ್ಟಬಾರದು, ಪಾಠ ಮುಗಿದ ಮೇಲೆ ಕೈ ತೊಳೆಯಬೇಕು. ಬಿಸಿಯೂಟಕ್ಕೆ ಮುಂಚಿನ ಪೀರಿಯಡ್ ಇಟ್ಟುಕೊಂಡರೆ ಕೈ ತೊಳೆಸುವುದು ಸುಲಭ.

ಇಷ್ಟು ಮಕ್ಕಳಿಗೆ ಒಂದೇ ಪೆಟ್ಟಿಗೆ ಸಾಲುತ್ತಾ ಅಂತ ನನಗೂ ಅನುಮಾನ ಇತ್ತು. ಮಕ್ಕಳನ್ನು ಗುಂಪು ಮಾಡಿ ವರಾಂಡದಲ್ಲಿ ಐದು ಜಾಗ ಮಾಡಿದೆ. ಒಂದು ಕಡೆ ಗರಿ, ಇನ್ನೊಂದು ಕಡೆ ಹೆಜ್ಜೆ, ಮತ್ತೊಂದು ಕಡೆ ಕೊಕ್ಕು ಹೀಗೆ. ಗಂಟೆ ಹೊಡೆದಾಗ ಗುಂಪು ಮುಂದಿನ ಜಾಗಕ್ಕೆ ಹೋಗಬೇಕು. ಪ್ರತಿ ಜಾಗದಲ್ಲಿ ಏಳನೇ ತರಗತಿಯ ಒಬ್ಬರನ್ನು ಕಾವಲಿಗೆ ಕೂರಿಸಿದೆ, ಹೆಸರಿಗೆ ಕಾವಲು, ನಿಜದಲ್ಲಿ ಅವರೇ ಮೇಷ್ಟ್ರು. ನಾನು ವಿವರಣೆ ಕೊಡುವುದು ಕೊನೆಗೆ. ಮೊದಲು ಕೈ, ಆಮೇಲೆ ಮಾತು. ಪೆಟ್ಟಿಗೆ ಜೊತೆ ಬಂದ ಕೈಪಿಡಿಯಲ್ಲಿ ಮೊದಲು ಪರಿಚಯ ಉಪನ್ಯಾಸ ಕೊಡಿ ಅಂತಿತ್ತು. ಅದನ್ನು ನಾನು ಬಿಟ್ಟೆ. ಹತ್ತು ವರ್ಷದ ಮಗುವಿನ ಎದುರು ಬುರುಡೆ ಇಟ್ಟು, ಮುಟ್ಟಬೇಡ, ನಾನು ಹೇಳುವುದು ಕೇಳು ಅಂದರೆ ಅದು ಯಾರ ಮಾತು ಕೇಳೀತು?

ಕೊಕ್ಕಿನ ಆಟಕ್ಕೆ ಪೆಟ್ಟಿಗೆಯಲ್ಲಿದ್ದ ಸಾಮಾನಿಗಿಂತ ಅಡುಗೆಮನೆಯದೇ ಚೆನ್ನಾಗಿ ಕೆಲಸ ಮಾಡಿತು. ಚಹಾ ಸೋಸುವ ಜರಡಿ, ಇಕ್ಕಳ, ಚಮಚ, ಬಟ್ಟೆ ಕ್ಲಿಪ್ಪು, ಸ್ಟ್ರಾ, ಒಂದು ಅಡಕೊತ್ತು. ತಿನ್ನಲಿಕ್ಕೆ ಬಕೆಟ್ ನೀರಿನಲ್ಲಿ ಮಂಡಕ್ಕಿ, ತಳದಲ್ಲಿ ನೆನೆಸಿದ ಸಾಬೂದಾನಿ, ಕೆಸರಲ್ಲಿ ಹೂತಿಟ್ಟ ದಾರದ ತುಂಡು, ಸಿಪ್ಪೆ ಸಮೇತ ಶೇಂಗಾ. ಒಂದು ಗುಂಪಿಗೆ ಒಂದೇ ಕೊಕ್ಕು, ಒಂದು ನಿಮಿಷದಲ್ಲಿ ಎಷ್ಟು ಹೊಟ್ಟೆ ತುಂಬಿತು ಎಣಿಸಬೇಕು. ಜರಡಿಯವರು ಸಾಬೂದಾನಿ ಬಾಚಿದರು, ಶೇಂಗಾ ಹತ್ತಿರ ಉಪವಾಸ. ಅಡಕೊತ್ತಿನವರು ಶೇಂಗಾ ಮುಗಿಸಿ ನೀರಿನ ಹತ್ತಿರ ಪೆಚ್ಚಾದರು. ರಾಜಹಂಸ ತಲೆ ಕೆಳಗೆ ಮಾಡಿ ಕೊಕ್ಕನ್ನು ಬೋರಲು ಹಾಕಿ ನೀರು ಸೋಸುತ್ತದೆ ಅನ್ನುವುದನ್ನು ಆಗ ಹೇಳಿದೆ. ಬೇಸಿಗೆಗೆ ಹಿನ್ನೀರು ಇಳಿದಾಗ ಮಕ್ಕಳು ಅದನ್ನು ನೋಡಿದವರೇ. ಯಾಕೆ ಹಾಗೆ ಬಗ್ಗುತ್ತದೆ ಅಂತ ಈಗ ಗೊತ್ತಾಯಿತು. ಅಡಕೊತ್ತು ಮಾತ್ರ ದೊಡ್ಡ ಮಕ್ಕಳ ಕೈಗೆ, ಅದೂ ನೀವು ಪಕ್ಕದಲ್ಲಿ ನಿಂತಿರುವಾಗ ಕೊಡಿ.

ಮೊಟ್ಟೆ ಮಾದರಿಗಳಲ್ಲಿ ನನಗೆ ಇಷ್ಟವಾದದ್ದು ಟಿಟ್ಟಿಭದ್ದು. ಮಣ್ಣಿನ ಬಣ್ಣ, ಮೇಲೆ ಕಪ್ಪು ಚುಕ್ಕೆ. ಮಕ್ಕಳು ಒಳಗಿರುವಾಗ ನಾಲ್ಕು ಮೊಟ್ಟೆಗಳನ್ನು ಮೈದಾನದ ಗರಸಿನ ಜಾಗದಲ್ಲಿ ಇಟ್ಟು ಬಂದು, ಹೊರಗೆ ಕರೆದು, ಹುಡುಕಿ ಅಂದೆ. ಓಡಬಾರದು, ನೋಡಿ ಹೆಜ್ಜೆ ಇಡಬೇಕು, ಇದೊಂದೇ ನಿಯಮ. ಎಷ್ಟೋ ಹೊತ್ತು ಅದರ ಸುತ್ತಲೇ ತಿರುಗಿದರು. ಒಬ್ಬ ಅದರಿಂದ ಒಂದು ಗೇಣು ದೂರದಲ್ಲಿ ನಿಂತು "ಇಲ್ಲಿಲ್ರಿ" ಅಂತಿದ್ದ. ಕೊನೆಗೆ ಕಂಡುಹಿಡಿದವನು ಕುರಿ ಕಾಯುವ ಮನೆಯ ಹುಡುಗ, ತರಗತಿಯಲ್ಲಿ ಓದಲು ತಡವರಿಸುವವನು. ಹೆಂಗೋ ಸಿಕ್ಕಿತು ಅಂದರೆ, ಕಲ್ಲು ಹಿಂಗ ಒಂದರ ಬಾಜೂಕ ಒಂದು ತುದಿ ಒಳಗ ಮಾಡಿ ಕೂಡಂಗಿಲ್ರಿ ಅಂದ. ಟಿಟ್ಟಿಭ ತನ್ನ ಮೊಟ್ಟೆಗಳ ಚೂಪು ತುದಿ ಒಳಗೆ ಬರುವ ಹಾಗೆ ಇಟ್ಟುಕೊಳ್ಳುತ್ತದೆ. ಮೊಟ್ಟೆ ಇಡುವಾಗ ನಾನೂ ಹಾಗೇ ಜೋಡಿಸಿದ್ದೆ. ಅವನು ಅದನ್ನು ಹೊಲದಲ್ಲಿ ನೋಡಿ ಕಲಿತಿದ್ದ. ಆ ದಿನದಿಂದ ಹಕ್ಕಿ ವಿಷಯಕ್ಕೆ ಎಲ್ಲರೂ ಅವನನ್ನೇ ಕೇಳುತ್ತಾರೆ.

ಹೆಜ್ಜೆ ಅಚ್ಚುಗಳಲ್ಲಿ ಕರಡಿ, ತೋಳ, ಚಿರತೆ, ನೀರುನಾಯಿ ಇದ್ದವು. ಇವು ನಾಲ್ಕೂ ನಮ್ಮ ಸೀಮೆಯವೇ. ಕರಡಿಗೆ ದರೋಜಿ ಧಾಮ ಇದೆ. ತೋಳಕ್ಕೆ ಗಂಗಾವತಿ ತಾಲೂಕಿನ ಬಂಕಾಪುರ. ನೀರುನಾಯಿಗೆ ಮುದ್ಲಾಪುರದಿಂದ ಕಂಪ್ಲಿವರೆಗೆ ನದಿಯ 34 ಕಿಲೋಮೀಟರ್ ಉದ್ದವನ್ನು 2015ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುತ್ತದೆ, ಹೆಜ್ಜೆಯಲ್ಲಿ ಉಗುರಿನ ಗುರುತು ಬೀಳುವುದಿಲ್ಲ. ತೋಳ, ನಾಯಿಯದಾದರೆ ಬೀಳುತ್ತದೆ. ಕರಡಿಯ ಹಿಂಗಾಲು ನೋಡಿ ಮಕ್ಕಳು ಮನುಷ್ಯನದೇ ಅಂದರು, ಉಗುರು ನೋಡಿ ಮಾತು ಬದಲಿಸಿದರು. ಮರುದಿನ ಕಾಲುವೆ ದಂಡೆಯ ಮರಳಿನಲ್ಲಿ ಬರೀ ಬೀದಿನಾಯಿ ಹೆಜ್ಜೆಗಳೇ ಸಿಕ್ಕಿದವು. ಆದರೂ ಅದರಲ್ಲೇ ಓಡಿದ್ದು ಯಾವುದು, ನಡೆದದ್ದು ಯಾವುದು ಅಂತ ವಾದ ಮಾಡಿಕೊಂಡು ಬಂದರು.

ಕೂಗಿನ ಪೆನ್‌ಡ್ರೈವ್ ಬಗ್ಗೆ ಒಂದು ಮಾತು. ಅದು ತರಗತಿಯ ಒಳಗೆ, ಬಾಗಿಲು ಹಾಕಿಕೊಂಡು ಕೇಳಲಿಕ್ಕೆ. ಹೊರಗೆ ಮರದ ಕೆಳಗೆ ಸ್ಪೀಕರ್ ಹಚ್ಚಿ ಹಕ್ಕಿ ಕರೆಯುವ ಚಟ ಬೇಡ. ತನ್ನ ಜಾಗಕ್ಕೆ ಇನ್ನೊಂದು ಬಂತು ಅಂತ ಅದು ಗೂಡು ಬಿಟ್ಟು ಹಾರಿ ಬರುತ್ತದೆ, ಅಷ್ಟರಲ್ಲಿ ಮರಿ ಕಾಗೆಗೆ ಸಿಕ್ಕೀತು. ಕೂಗು ಕೇಳಿ ಹಕ್ಕಿ ಯಾವುದು ಅಂತ ಹೇಳುವ ಮರ್ಲಿನ್ ಅನ್ನುವ ಆ್ಯಪ್ ಪುಕ್ಕಟೆ ಸಿಗುತ್ತದೆ, ಹೊರಗಡೆ ಅದು ಸಾಕು.

ಪೆಟ್ಟಿಗೆ ಊರಲ್ಲಿದ್ದಾಗಲೇ ಒಂದು ಸಂಜೆ ಪಾಲಕರ ಸಭೆ ಇಟ್ಟುಕೊಂಡೆವು. ಇದನ್ನು ಎಲ್ಲರೂ ಮಾಡಬೇಕು. ಬಟ್ಟೆ ಪಟ್ಟಿಗಳನ್ನು ಗೋಡೆಗೆ ಹಚ್ಚಿದ್ದೆ. ಗುಬ್ಬಿಯ ರೆಕ್ಕೆ ಬಿಚ್ಚಿದರೆ ಒಂದು ಗೇಣು, ಹದ್ದಿಂದು ಸುಮಾರು 5 ಅಡಿ, ಹೆಬ್ಬಕದ್ದು (ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುತ್ತಾರಲ್ಲ, ಅದು) ಸುಮಾರು 7 ಅಡಿ. ಹೆಬ್ಬಕದ ಪಟ್ಟಿ ಕಿಟಕಿ ದಾಟಿ ಬಾಗಿಲವರೆಗೆ ಹೋಗಿತ್ತು. ಒಬ್ಬ ಅಜ್ಜ ಬಹಳ ಹೊತ್ತು ಕಾರ್ಡು ಹಿಡಿದು ನೋಡಿ, "ಎರಿಭೂತ ಐತಲ್ಲ ಇದು. ನಾವು ಕುರಿ ತಗೊಂಡು ಸಿರುಗುಪ್ಪ ಕಡಿ ಹೋದಾಗ ಎರಿ ಹೊಲದಾಗ ಕಾಣತಿತ್ತು. ಮನಷ್ಯಾನ ಗತೆ ನಿಂತಿರತಿತ್ತು" ಅಂದರು. ಮಕ್ಕಳು ಅವರ ಸುತ್ತ ಕೂತುಬಿಟ್ಟರು. ದೇಶದಲ್ಲೇ ಈಗ 200ಕ್ಕಿಂತ ಕಡಿಮೆ ಉಳಿದಿರುವ ಹಕ್ಕಿ ಅದು, ನಮ್ಮ ಕಡೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ನೆಲದ ಮೇಲೆ. ಟಿಟ್ಟಿಭದ ಮೊಟ್ಟೆ ಹುಡುಕಿದ್ದ ಮಕ್ಕಳಿಗೆ ನೆಲದ ಮೇಲಿನ ಒಂದು ಮೊಟ್ಟೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಲಿಲ್ಲ.

ಮನೆಯಲ್ಲಿ ಪಂಜರದ ಗಿಳಿ ಸಾಕಿದ ಮಕ್ಕಳೂ ನಮ್ಮಲ್ಲಿದ್ದಾರೆ. ನಮ್ಮ ದೇಶದ ಗಿಳಿ ಸಾಕುವುದು ಕಾನೂನಿಗೆ ವಿರುದ್ಧ. ಆದರೆ ಇದನ್ನು ತರಗತಿಯಲ್ಲಿ ಯಾರ ಹೆಸರೂ ಹಿಡಿದು ಹೇಳಬೇಡಿ. ಮಗು ಮರುದಿನ ಬರುವುದೇ ಇಲ್ಲ. ಸಭೆಯಲ್ಲಿ ದೊಡ್ಡವರಿಗೆ ಎಲ್ಲರಿಗೂ ಸೇರಿಸಿ ಹೇಳಿದೆ, ಅಷ್ಟು ಸಾಕಾಯಿತು.

ಪೆಟ್ಟಿಗೆ ಸಿಗದಿದ್ದರೆ ಕೈ ಕಟ್ಟಿ ಕೂರಬೇಡಿ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಅರ್ಲಿ ಬರ್ಡ್ ತಂಡ ಮಕ್ಕಳಿಗೆ ಹಕ್ಕಿ ಕಲಿಸುವ ಸಾಮಗ್ರಿಯನ್ನು ಭಾರತೀಯ ಭಾಷೆಗಳಲ್ಲಿ ಮಾಡುತ್ತದೆ. ಅವರ ಪೋಸ್ಟರ್, ಕಾರ್ಡುಗಳಿಂದ ಶುರು ಮಾಡಬಹುದು. ಗರಿ, ಕೊಕ್ಕಿನ ಆಟ, ಬಟ್ಟೆ ಪಟ್ಟಿ ಈ ಮೂರಕ್ಕೆ ಖರ್ಚೇ ಇಲ್ಲ. ಪ್ರವಾಸಕ್ಕೆ ಎಲ್ಲಿ ಅಂತ ಕೇಳಿದರೆ ನಾನು ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರ ಅನ್ನುತ್ತೇನೆ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ, ಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆ. ಪಾಠ ಆದ ಮೇಲೆ ಹೋಗಿ, ಮೊದಲು ಹೋದರೆ ಮಕ್ಕಳು ಸೆಲ್ಫಿ ತೆಗೆದುಕೊಂಡು ಬರುತ್ತಾರೆ ಅಷ್ಟೇ.

ವಾಪಸ್ ಕೊಡುವ ಹಿಂದಿನ ದಿನ ಮಕ್ಕಳ ಕೈಯಲ್ಲೇ ಪಟ್ಟಿ ಹಿಡಿದು ಎಣಿಸಿ ತುಂಬಿಸಿ. ಒಂದು ಮೊಟ್ಟೆಗೆ ಬಿರುಕು ಬಂದಿದ್ದರೆ ಮುಚ್ಚಿಡದೆ ಪಟ್ಟಿಯಲ್ಲೇ ಬರೆಯಿರಿ, ಯಾರೂ ದಂಡ ಹಾಕುವುದಿಲ್ಲ. ಮುಂದಿನ ಶಾಲೆಯವರಿಗೆ ಯಾವ ಆಟ ಚೆನ್ನಾಗಿ ನಡೆಯಿತು ಅಂತ ಒಂದು ಚೀಟಿ ಹಾಕಿ. ಪೆನ್‌ಡ್ರೈವ್ ಮಾತ್ರ ಮರೆಯಬೇಡಿ, ಸ್ಮಾರ್ಟ್ ಕ್ಲಾಸಿನ ಟಿವಿ ಹಿಂದೆ ಸಿಕ್ಕಿಸಿದ್ದು ಅಲ್ಲೇ ಉಳಿದುಬಿಡುತ್ತದೆ.