ಕಲಬುರಗಿಯಲ್ಲಿ ಕೂತು ಧರ್ಮದ ಅಧ್ಯಯನ: ವಿಶ್ವವಿದ್ಯಾಲಯದ ಲೈಬ್ರರಿ ಬಳಸೋದು ಹೇಗೆ

ಎಂ.ಎ. ಪ್ರಾಜೆಕ್ಟಿಗೋ ಪಿಎಚ್‌.ಡಿ.ಗೋ ಶರಣರು, ಸೂಫಿಗಳು, ಬೌದ್ಧರು ಅಂತ ವಿಷಯ ತೆಗೆದುಕೊಂಡವರು ಮೊದಲು ತೆರೆಯೋದು ಗೂಗಲ್. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ನೀವು ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಇದ್ದರೆ ದುಬಾರಿ ಜರ್ನಲ್‌ಗಳಿಗೆ ನಿಮಗೆ ದಾರಿ ಇದೆ. ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ 2025ರ ಜನವರಿಯಲ್ಲಿ ಶುರುವಾಯಿತು. 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು ಅದರಲ್ಲಿವೆ, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದೇ ಮಾಡಿದ್ದು. ಇದು ಸೈನ್ಸ್‌ನವರಿಗೆ ಮಾತ್ರ ಅಂತ ಸುಮ್ನೆ ಬಿಟ್ಟವರು ಜಾಸ್ತಿ. ಆದರೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಸೇಜ್, ಟೇಲರ್ ಅಂಡ್ ಫ್ರಾನ್ಸಿಸ್ ಕೂಡ ಈ ಪಟ್ಟಿಯಲ್ಲಿದ್ದಾರೆ, ಧರ್ಮದ ಬಗ್ಗೆ ಒಳ್ಳೆಯ ಲೇಖನಗಳು ಬರೋದು ಇವರ ಜರ್ನಲ್‌ಗಳಲ್ಲೇ ಅಲ್ವಾ.

ಮೊದಲ ಕೆಲಸ ಲಾಗಿನ್. ಕ್ಯಾಂಪಸ್ ನೆಟ್‌ವರ್ಕಿನಲ್ಲಿ ಲೇಖನಗಳು ನೇರವಾಗಿ ತೆರೆದುಕೊಳ್ಳುತ್ತವೆ. ರೂಮಿನಿಂದಲೋ ಊರಿನಿಂದಲೋ ಓದಬೇಕಾದರೆ ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಯುಜಿಸಿಯ ಕೇಂದ್ರ ಇನ್‌ಫ್ಲಿಬ್‌ನೆಟ್‌ನವರ ‘ಇನ್‌ಫೆಡ್’ ಅನ್ನೋ ಲಾಗಿನ್ ವ್ಯವಸ್ಥೆಯ ಮೂಲಕ ಹೋಗಬೇಕು, ಅದಕ್ಕೆ ನಿಮ್ಮ ಸಂಸ್ಥೆ ಖಾತೆ ಮಾಡಿಕೊಡಬೇಕು. ಐಡಿ ಕಾರ್ಡ್ ಹಿಡಿದು ಕೌಂಟರ್‌ಗೆ ಹೋಗಿ ‘ರಿಮೋಟ್ ಆಕ್ಸೆಸ್ ಬೇಕು ಸರ್’ ಅಂತ ಕೇಳಿ. ಫೋನು ಮಾಡಿ ಕಾಯೋದಕ್ಕಿಂತ ಎದುರಿಗೆ ನಿಂತರೆ ಬೇಗ ಆಗುತ್ತದೆ. ಏಪ್ರಿಲ್ ಬಿಸಿಲು ಬರೋ ಮೊದಲೇ ಇದನ್ನು ಮುಗಿಸಿಕೊಂಡರೆ ಮಧ್ಯಾಹ್ನ ಕ್ಯಾಂಪಸ್‌ಗೆ ಓಡಾಡೋ ಕಷ್ಟ ತಪ್ಪುತ್ತದೆ.

ಇನ್ನು ಹುಡುಕೋದು. ಇಲ್ಲಿ ಬಹಳ ಜನ ಎಡವುತ್ತಾರೆ. ವೀರಶೈವ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ‘ವಿ’ ಆದ ಮೇಲೆ ಒಂದೇ ‘ಐ’ ಹಾಕುತ್ತಾರೆ, ಕೆಲವರು ಎರಡು ‘ಇ’ ಹಾಕುತ್ತಾರೆ. ಕಂಪ್ಯೂಟರಿಗೆ ಇವೆರಡೂ ಬೇರೆ ಬೇರೆ. ಖಾಜಾ ಬಂದೇ ನವಾಜ್ ಅಂತ ನಾವೆಲ್ಲ ಕರೆಯೋ ಸೂಫಿ ಸಂತರನ್ನು ವಿದ್ವಾಂಸರು ಹೆಚ್ಚಾಗಿ ‘ಗೇಸೂದರಾಜ್’ ಹೆಸರಲ್ಲೇ ಬರೆದಿದ್ದಾರೆ, ಅದಕ್ಕೂ ಮೂರು-ನಾಲ್ಕು ಕಾಗುಣಿತ ಇವೆ. ಎಲ್ಲ ರೂಪಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ನಡುವೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ‘ಆರ್’ (OR, ಅಂದರೆ ‘ಅಥವಾ’) ಅಂತ ಹಾಕಿ ಒಟ್ಟಿಗೇ ಹುಡುಕಿ. ಬಂದೇ ನವಾಜರು 1422ರಲ್ಲಿ ಕಲಬುರಗಿಯಲ್ಲೇ ತೀರಿಕೊಂಡವರು, ಬರೆದದ್ದು ಮುಖ್ಯವಾಗಿ ಫಾರಸಿಯಲ್ಲಿ. ಫಾರಸಿ ಬಾರದಿದ್ದರೆ ಆನ್‌ಲೈನಿನಲ್ಲಿ ಉಚಿತವಾಗಿರುವ ‘ಎನ್‌ಸೈಕ್ಲೋಪೀಡಿಯಾ ಇರಾನಿಕಾ’ದಲ್ಲಿ ಅವರ ಮೇಲಿನ ಬರಹ ಓದಿ, ಅದರ ಕೊನೆಯ ಗ್ರಂಥಪಟ್ಟಿಯಿಂದ ಮುಂದಕ್ಕೆ ಹೋಗಿ. ಯಾವ ಲೇಖನವೇ ಆಗಲಿ, ನಾನಂತೂ ಮೊದಲು ಗ್ರಂಥಪಟ್ಟಿ ನೋಡಿ ಆಮೇಲೆ ಉಳಿದದ್ದು ಓದುತ್ತೇನೆ. ಯಾವ ಜರ್ನಲಿನಲ್ಲಿ ಏನು ಬಂದಿದೆ ಅಂತಷ್ಟೇ ತಿಳಿಯಬೇಕಾದರೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ‘ಇಂಡೆಕ್ಸ್ ಥಿಯಾಲಾಜಿಕಸ್’ ಇದೆ, ಅದೂ ಉಚಿತ.

ಜರ್ನಲ್ ಸಿಕ್ಕಿತು ಅಂತ ಮೂಲವನ್ನು ಮರೆಯಬೇಡಿ. ವಚನದ ಮೇಲೆ ಕೆಲಸ ಮಾಡುವವರು ‘ವಚನ ಸಂಚಯ’ ತಾಣ ನೋಡಲೇಬೇಕು. 20,000ಕ್ಕೂ ಹೆಚ್ಚು ವಚನಗಳಲ್ಲಿ ‘ಕಾಯಕ’ ಅನ್ನೋದು ಎಲ್ಲೆಲ್ಲಿ, ಯಾರ್‍ಯಾರಲ್ಲಿ ಬಂದಿದೆ ಅಂತ ಕೂತಲ್ಲೇ ತೆಗೆಯಬಹುದು. ಹಿಂದಿನವರು ಇದಕ್ಕೆ ತಿಂಗಳುಗಟ್ಟಲೆ ಚೀಟಿ ಬರೆಯುತ್ತಿದ್ದರು. ಆದರೆ ಪ್ರಬಂಧದಲ್ಲಿ ಉಲ್ಲೇಖ ಕೊಡುವಾಗ ರಾಜ್ಯ ಸರ್ಕಾರದ 15 ಸಂಪುಟಗಳ ಸಮಗ್ರ ವಚನ ಮುದ್ರಣದ ಜೊತೆ ಹೋಲಿಸಿ, ಪುಟಸಂಖ್ಯೆ ಅಲ್ಲಿಂದ ಹಾಕಿ.

ಆ ಸಂಪುಟಗಳನ್ನು ಕಪಾಟಿನಲ್ಲಿ ಹುಡುಕೋದಕ್ಕೂ ಒಂದು ಗುಟ್ಟಿದೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯ ಲೈಬ್ರರಿಗಳಲ್ಲಿ ಧರ್ಮ ಅಂದರೆ 200ರ ಸಾಲು: ಬೌದ್ಧ 294.3, ಜೈನ 294.4, ಹಿಂದೂ 294.5, ಸಿಖ್ 294.6, ಇಸ್ಲಾಂ 297. ವಚನ, ತತ್ವಪದ ಇಲ್ಲಿ ಸಿಗದಿದ್ದರೆ ಕನ್ನಡ ಸಾಹಿತ್ಯದ 894.814ರ ಕಡೆ ನೋಡಿ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರನ್ನು ಧರ್ಮದ ಕಪಾಟಿನಲ್ಲಿ ಹುಡುಕಿ ‘ಇಲ್ಲ’ ಅಂತ ವಾಪಸ್ ಬಂದರೆ ತಪ್ಪು ಲೈಬ್ರರಿಯದ್ದಲ್ಲ.

ಬೌದ್ಧ ಧರ್ಮದ ಮೇಲೆ ಕೆಲಸ ಮಾಡುವವರಿಗೆ ನಮ್ಮ ಜಿಲ್ಲೆಯಷ್ಟು ಅನುಕೂಲ ಎಲ್ಲಿದೆ ಹೇಳಿ! ಸನ್ನತಿಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ ಮೂರ್ತಿಯ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿ ಸ್ತೂಪದಲ್ಲಿ ‘ರಾಯೋ ಅಸೋಕೋ’ ಅಂತ ಹೆಸರು ಬರೆದ ಶಿಲ್ಪವೇ ಇದೆ. ಅಲ್ಲಿನ ಶಿಲ್ಪಗಳ ಹಿಂದಿನ ಕಥೆ ತಿಳಿಯಬೇಕಾದರೆ ಪಾಲಿ ಗ್ರಂಥಗಳನ್ನೂ ಅವುಗಳ ಇಂಗ್ಲಿಷ್ ಅನುವಾದವನ್ನೂ ‘ಸುತ್ತಸೆಂಟ್ರಲ್’ ತಾಣದಲ್ಲಿ ಓದಬಹುದು. ಮೊದಲು ಓದಿ ಹೋದರೆ ಕಲ್ಲು ಎದುರಿಗಿದ್ದಾಗ ಏನು ನೋಡಬೇಕು ಅಂತ ಗೊತ್ತಿರುತ್ತದೆ.

ಮಠ, ದರ್ಗಾ, ಚರ್ಚುಗಳು ತಂದ ಪುಸ್ತಕಗಳನ್ನೂ ಓದಿ. ಭಕ್ತರು ತಮ್ಮ ಗುರುಗಳ ಬಗ್ಗೆ ಏನು ನಂಬುತ್ತಾರೆ ಅನ್ನೋದಕ್ಕೆ ಅವು ಒಳ್ಳೆಯ ಸಾಕ್ಷಿ, ಆದರೆ ಇಸವಿಗೆ ಅವನ್ನೇ ನಂಬಿದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸಿಕ್ಕಿಬೀಳುತ್ತೀರಿ.

ಬೀದರ್, ಯಾದಗಿರಿ ಕಡೆಯ ಖಾಸಗಿ ಕಾಲೇಜಿನವರಿಗೆ ಒನ್ ನೇಷನ್ ಯೋಜನೆ ಮೊದಲ ಹಂತದಲ್ಲಿ ಇಲ್ಲ. ನೀವು ದೇಶದ ಪಿಎಚ್‌.ಡಿ. ಪ್ರಬಂಧಗಳನ್ನು ಇಟ್ಟಿರುವ ‘ಶೋಧಗಂಗಾ’ ತಾಣದಿಂದ ಶುರು ಮಾಡಿ, ಲಾಗಿನ್ ಬೇಡ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎರಡು ಸಲ ಹುಡುಕಿ, ಯಾಕಂದರೆ ಶೀರ್ಷಿಕೆ ಯಾವ ಲಿಪಿಯಲ್ಲಿ ಹಾಕಿದ್ದಾರೋ ಹೇಳೋಕಾಗಲ್ಲ. ಸ್ಕ್ಯಾನ್ ಮಾಡಿದ ಪ್ರಬಂಧಗಳ ಒಳಗೆ ಪದ ಹುಡುಕಲು ಬರೋದಿಲ್ಲ, ಹಾಗಾಗಿ ಪರಿವಿಡಿಯ ಫೈಲ್ ಮೊದಲು ಇಳಿಸಿಕೊಂಡು ಬೇಕಾದ ಅಧ್ಯಾಯ ಮಾತ್ರ ತೆಗೆದುಕೊಳ್ಳಿ.